ಊರು ನೀರಿನಡಿ, ಹೆಸರು ಪಟ್ಟಿಯಲ್ಲಿ: ಸೂಪಾ ಎಂಬ ತಾಲ್ಲೂಕಿನ ಕಥೆ

ಈ ಸಲ ಒಂದು ಸಣ್ಣ ಹುಡುಕಾಟದಿಂದ ಶುರು ಮಾಡೋಣ. 2011ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ತಾಲ್ಲೂಕುಗಳ ಪಟ್ಟಿ ತೆಗೀರಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ. ಹತ್ತಾಯ್ತಾ? ಹನ್ನೊಂದನೇದು ಸೂಪಾ. ಈಗ ಫೋನಿನಲ್ಲಿ ಮ್ಯಾಪ್ ತೆಗೆದು ಸೂಪಾ ಅಂತ ಹೊಡೀರಿ. ನಿಮಗೆ ಸಿಗೋದು ಗಣೇಶಗುಡಿ ಹತ್ತಿರ ಒಂದು ಅಣೆಕಟ್ಟು, ಅದರ ಹಿಂದೆ ಬೆರಳು ಬೆರಳಾಗಿ ಚಾಚಿಕೊಂಡಿರೋ ನೀಲಿ ನೀರು. ತಾಲ್ಲೂಕಿಗೆ ಹೆಸರು ಕೊಟ್ಟ ಊರು ಆ ನೀರಿನ ಕೆಳಗಿದೆ.

ಅಂದ್ರೆ ಊರು ಮುಳುಗಿ ಕಾಲು ಶತಮಾನ ಕಳೆದ ಮೇಲೂ ಸರ್ಕಾರದ ಪಟ್ಟಿಯಲ್ಲಿ ಅದು ಬದುಕಿತ್ತು. ತಹಶೀಲ್ದಾರರ ಕಚೇರಿ ಇರೋದು ಜೊಯಿಡಾದಲ್ಲಿ, ಜನ ಕರೆಯೋದು ಜೊಯಿಡಾ ತಾಲ್ಲೂಕು ಅಂತ, ಜನಗಣತಿ ಬರೆದಿದ್ದು ಸೂಪಾ ಅಂತ. ಒಂದು ಕಾಡಿನ ತಾಲ್ಲೂಕಿನ ಆಡಳಿತ ಹೇಗೆ ಬೆಳೀತು, ಅಲ್ಲಿನ ಜನಕ್ಕೆ ಅದರಿಂದ ಏನಾಯ್ತು ಅನ್ನೋದು ಇವತ್ತಿನ ವಿಷಯ.

ಮೊದಲು ಜಾಗದ ಅಂದಾಜು. ಜೊಯಿಡಾ ತಾಲ್ಲೂಕಿನ ವಿಸ್ತೀರ್ಣ ಸುಮಾರು 1,900 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆ ಪೂರ್ತಿ ಸೇರಿಸಿದ್ರೂ ಸುಮಾರು 2,200. ಹೆಚ್ಚುಕಮ್ಮಿ ಅಷ್ಟೇ ಜಾಗ. ಆದ್ರೆ 2011ರಲ್ಲಿ ನಮ್ಮ ಜಿಲ್ಲೆಯಲ್ಲಿ ಇದ್ದವರು 96 ಲಕ್ಷ ಜನ, ಅಲ್ಲಿ ಇದ್ದವರು ಸುಮಾರು 50 ಸಾವಿರ. ಒಂದು ಚದರ ಕಿಲೋಮೀಟರ್‌ಗೆ ಇಲ್ಲಿ 4,300ಕ್ಕಿಂತ ಹೆಚ್ಚು ಮಂದಿ, ಅಲ್ಲಿ 30ಕ್ಕಿಂತ ಕಡಿಮೆ. ಗಾಂಧಿ ಬಜಾರಲ್ಲಿ ಹಬ್ಬದ ಹಿಂದಿನ ದಿನ ಹೂವು ಕೊಳ್ಳೋಕೆ ನಿಂತಿರೋ ಜನರನ್ನ ಅಲ್ಲಿಗೆ ಕರ್ಕೊಂಡು ಹೋದ್ರೆ ಎಷ್ಟೋ ಹಳ್ಳಿ ತುಂಬಿಬಿಡುತ್ತೆ.

ಉಳಿದದ್ದೆಲ್ಲ ಕಾಡು, ಬೆಟ್ಟ, ಮಳೆ. ಕಾಳಿ ನದಿ ಹುಟ್ಟೋದು ಇದೇ ತಾಲ್ಲೂಕಿನ ಡಿಗ್ಗಿ ಹತ್ತಿರ. ಅಲ್ಲಿಂದ 184 ಕಿಲೋಮೀಟರ್ ಹರಿದು ಕಾರವಾರದ ಹತ್ತಿರ ಸಮುದ್ರ ಸೇರುತ್ತೆ. ಪಶ್ಚಿಮಕ್ಕೆ ಗೋವಾ, ಉತ್ತರಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ. ಕಲ್ಯಾಣದ ಕ್ರಾಂತಿಯ ನಂತರ ಚೆನ್ನಬಸವಣ್ಣನವರು ಬಂದು ಸೇರಿದ್ದು ಅಂತ ಭಕ್ತರು ನಂಬೋ ಉಳವಿ ಕ್ಷೇತ್ರ ಇರೋದೂ ಇಲ್ಲೇ. ಇವತ್ತಿಗೂ ಭಾರತ ಹುಣ್ಣಿಮೆಯ ಸುಮಾರಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಜಾತ್ರೆಗೆ ಬರ್ತಾರೆ.

ಈಗ ಆಡಳಿತದ ಕಥೆಗೆ ಬರೋಣ. ನಾವಿರೋ ಬಡಾವಣೆಗಳು ಹುಟ್ಟಿದ ಕ್ರಮ ಗೊತ್ತಲ್ವಾ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಗೆ ಬರಲಿ ಅಂತ ಬಸವನಗುಡಿ, ಮಲ್ಲೇಶ್ವರಂ ಬೆಳೆದವು. ಮೊದಲು ಗೆರೆ ಎಳೆದು ಸೈಟು ಮಾಡಿದ್ರು, ಆಮೇಲೆ ಜನ ಬಂದ್ರು. ಹಾಗಾಗಿ ಇಲ್ಲಿ ಮನೆಗೊಂದು ನಂಬರ್ ಇತ್ತು, ಕಾಗದ ಇತ್ತು. ಸೂಪಾ ಕಡೆ ಇದು ಉಲ್ಟಾ. ಜನ ಮೊದಲೇ ಇದ್ರು, ಗೆರೆ ಎಳೆಯೋರು ಆಮೇಲೆ ಬಂದ್ರು, ಬರ್ತಾನೇ ಇದ್ರು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಬ್ರಿಟಿಷರ ಕೈಗೆ ಹೋಯ್ತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಆಡಳಿತ ಮದ್ರಾಸಿನಿಂದ. 1862ರಲ್ಲಿ ಉತ್ತರದ ಭಾಗವನ್ನ ಮಾತ್ರ ಬಾಂಬೆ ಪ್ರೆಸಿಡೆನ್ಸಿಗೆ ಕೊಟ್ಟರು. ಯಾಕೆ ಗೊತ್ತಾ? ಹತ್ತಿ! ಧಾರವಾಡ ಸೀಮೆಯ ಹತ್ತಿಯನ್ನ ಘಟ್ಟ ಇಳಿಸಿ ಕಾರವಾರ ಬಂದರಿನಿಂದ ಇಂಗ್ಲೆಂಡಿಗೆ ಕಳಿಸಬೇಕು ಅನ್ನೋ ಯೋಜನೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೀತಿತ್ತು, ಅಲ್ಲಿನ ಹತ್ತಿ ನಿಂತುಹೋಗಿತ್ತು, ಲಂಕಾಶೈರ್ ಗಿರಣಿಗಳಿಗೆ ಭಾರತದ ಹತ್ತಿ ಬೇಕಿತ್ತು. ಧಾರವಾಡ ಬಾಂಬೆಯ ಕೈಯಲ್ಲಿ, ಬಂದರು ಮದ್ರಾಸಿನ ಕೈಯಲ್ಲಿ ಇದ್ರೆ ಕೆಲಸ ಆಗಲ್ಲ ಅಂತ ಗಡಿ ಬದಲಾಯಿತು. ಕಾಡೊಳಗಿದ್ದ ಕುಣಬಿ ರೈತನಿಗೆ ಈ ಲೆಕ್ಕಾಚಾರ ಗೊತ್ತೇ ಇರಲಿಲ್ಲ, ಆದ್ರೆ ಅವನ ಸರ್ಕಾರ ಬದಲಾಗಿತ್ತು.

ತಮಾಷೆ ಏನಂದ್ರೆ ಕಾರವಾರ ಅಷ್ಟು ದೊಡ್ಡ ಬಂದರು ಆಗಲೇ ಇಲ್ಲ. 1880ರ ದಶಕದಲ್ಲಿ ರೈಲು ಹಾಕಿದ್ದು ಪೋರ್ಚುಗೀಸರ ಗೋವಾದ ಮಾರ್ಮಗೋವಾ ಬಂದರಿಗೆ. ಆ ರೈಲು ಘಟ್ಟ ಹತ್ತಿ ಬ್ರಿಟಿಷ್ ಇಂಡಿಯಾ ಸೇರೋ ಸ್ಟೇಷನ್ ಕ್ಯಾಸಲ್ ರಾಕ್, ಅದೂ ಇದೇ ತಾಲ್ಲೂಕಿನಲ್ಲಿದೆ. ಟ್ರೆಕ್ಕಿಂಗ್‌ಗೆ ದೂಧ್‌ಸಾಗರ್ ಕಡೆ ಹೋದವರು ಆ ಹೆಸರು ಕೇಳಿರ್ತೀರ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ಆಗೋವರೆಗೂ ಅದು ಎರಡು ದೇಶಗಳ ನಡುವಿನ ಗಡಿ ಸ್ಟೇಷನ್.

ಎರಡನೇ ಗೆರೆ ಎಳೆದಿದ್ದು ಅರಣ್ಯ ಇಲಾಖೆ. ಇಲ್ಲಿನ ಜನ ಹಿಂದಿನಿಂದ ಮಾಡ್ತಿದ್ದದ್ದು ಕುಮ್ರಿ ಬೇಸಾಯ. ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತೋದು. ಒಂದೆರಡು ವರ್ಷ ಬೆಳೆದು ಇನ್ನೊಂದು ಕಡೆ ಹೋಗೋದು, ಹಳೇ ಜಾಗದಲ್ಲಿ ಮತ್ತೆ ಕಾಡು ಬೆಳೆಯೋಕೆ ಬಿಡೋದು. ಬ್ರಿಟಿಷರಿಗೆ ಬೇಕಿದ್ದದ್ದು ಸಾಗವಾನಿ ಮರ. ಕುಮ್ರಿ ಅಂದ್ರೆ ಮರ ಸುಡೋ ದಂಧೆ ಅಂತ ಅವರು ನೋಡಿದ್ರು, ಹಂತ ಹಂತವಾಗಿ ಅದನ್ನ ಬಿಗಿ ಮಾಡಿದ್ರು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ದೊಡ್ಡ ದೊಡ್ಡ ಪ್ರದೇಶ ಮೀಸಲು ಅರಣ್ಯ ಆಯ್ತು. ಕಂದಾಯ ಇಲಾಖೆಯ ನಕ್ಷೆಯಲ್ಲಿ ಹಳ್ಳಿ, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಕಾಡು. ಮನುಷ್ಯ ನಿಂತಿದ್ದದ್ದು ಎರಡೂ ನಕ್ಷೆಯ ನಡುವೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ 1956ರಲ್ಲಿ ದಾಂಡೇಲಿ ವನ್ಯಜೀವಿ ಧಾಮ ಘೋಷಣೆ ಆಯ್ತು. ಆಮೇಲೆ ಬಂದದ್ದು ಕರೆಂಟಿನ ಕಾಲ.

ಕಾಳಿ ಮತ್ತು ಪಾಂಡರಿ ನದಿ ಸೇರೋ ಜಾಗದಲ್ಲಿತ್ತು ಸೂಪಾ ಊರು. ತಾಲ್ಲೂಕು ಕೇಂದ್ರ, ಪೇಟೆ, ಎಲ್ಲ ಅಲ್ಲೇ. ಎರಡು ನದಿ ಸೇರೋ ಜಾಗ ಸಂತೆಗೆ ಎಷ್ಟು ಒಳ್ಳೇದೋ ಅಣೆಕಟ್ಟಿಗೂ ಅಷ್ಟೇ ಒಳ್ಳೇದು. 1970ರ ದಶಕದಲ್ಲಿ ಕಾಳಿ ಜಲವಿದ್ಯುತ್ ಯೋಜನೆ ಶುರುವಾಯ್ತು, 1980ರ ದಶಕದ ಮಧ್ಯದಲ್ಲಿ ಸೂಪಾ ಅಣೆಕಟ್ಟು ಮುಗೀತು. ಎತ್ತರ 101 ಮೀಟರ್. ಹಿಡಿಯೋ ನೀರು ಸುಮಾರು 145 ಟಿಎಂಸಿ. ಕೆಆರ್‌ಎಸ್ ತುಂಬಿದ್ರೆ 49 ಟಿಎಂಸಿ ಅಂತ ಪ್ರತಿ ಮಳೆಗಾಲ ನ್ಯೂಸ್‌ನಲ್ಲಿ ಕೇಳ್ತೀವಲ್ಲ, ಅದರ ಹತ್ತಿರ ಹತ್ತಿರ ಮೂರು ಪಟ್ಟು. ಅಣೆಕಟ್ಟಿನ ಬುಡದಲ್ಲೇ 100 ಮೆಗಾವಾಟ್ ಉತ್ಪಾದನೆ. ಅಲ್ಲಿಂದ ಬಿಟ್ಟ ನೀರು ಕೆಳಗಿನ ಬೊಮ್ಮನಹಳ್ಳಿ ಜಲಾಶಯ ಸೇರಿ, ನಾಗಝರಿ ವಿದ್ಯುದಾಗಾರದಲ್ಲಿ ಇನ್ನೂ ಸುಮಾರು 900 ಮೆಗಾವಾಟ್ ಕೊಡೋ ಶಕ್ತಿ ಪಡೆಯುತ್ತೆ. ಮತ್ತೂ ಕೆಳಗೆ ಕೊಡಸಳ್ಳಿ, ಕದ್ರಾ. ಆ ನಡುವೆ ಕೈಗಾ ಅಣು ವಿದ್ಯುತ್ ಸ್ಥಾವರ.

ನಾನು ಓದಿದ್ದು ಬಿ.ಕಾಂ. ಡೆಬಿಟ್ ಇದ್ದ ಕಡೆ ಕ್ರೆಡಿಟ್ ಇರಲೇಬೇಕು ಅಂತ ಮೊದಲ ಕ್ಲಾಸಲ್ಲೇ ಹೇಳಿಕೊಟ್ಟಿದ್ರು. ಬೆಂಗಳೂರಿನ ಪೇಟೆ ಬೀದಿಗೆ 1905ರಲ್ಲಿ ವಿದ್ಯುತ್ ದೀಪ ಬಂದಾಗ ಅದು ಶಿವನಸಮುದ್ರದ ಕಾವೇರಿಯ ಕರೆಂಟು. ಊರು ಬೆಳೆದ ಹಾಗೆ ಒಂದು ನದಿ ಸಾಲದೆ ಶರಾವತಿ ಬಂತು, ಆಮೇಲೆ ಕಾಳಿ. ಕಾಳಿಯ ಕರೆಂಟು ಇಡೀ ರಾಜ್ಯದ ಜಾಲಕ್ಕೆ ಹೋಗುತ್ತೆ, ನಮ್ಮ ಫೋನಿನ ಚಾರ್ಜಿನಲ್ಲೂ ಅದರ ಪಾಲಿದೆ. ನಮ್ಮ ಕಡೆ ಕ್ರೆಡಿಟ್ ಆದದ್ದು ಸೂಪಾ ಜನರ ಕಡೆ ಡೆಬಿಟ್ ಆಗಿದೆ. ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದವರಿಗೆ ಅದೇ ತಾಲ್ಲೂಕಿನ ರಾಮನಗರದಲ್ಲಿ ಪುನರ್ವಸತಿ ಆಯ್ತು. ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಹೋಯ್ತು.

ಇಂಥದ್ದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಯುರೋಪಿನ ಜೆಕ್ ದೇಶದ ದಕ್ಷಿಣಕ್ಕೆ ಶುಮಾವಾ ಅನ್ನೋ ಕಾಡುಬೆಟ್ಟದ ಸೀಮೆ ಇದೆ. ಅಲ್ಲೂ ಜನ ತೀರಾ ಕಡಿಮೆ, 1950ರ ದಶಕದಲ್ಲಿ ವ್ಲತಾವಾ ನದಿಗೆ ಲಿಪ್ನೋ ಅಣೆಕಟ್ಟು ಕಟ್ಟಿದ್ರು, 1991ರಲ್ಲಿ ಕಾಡನ್ನ ರಾಷ್ಟ್ರೀಯ ಉದ್ಯಾನ ಮಾಡಿದ್ರು. ಆ ದೇಶ 2002ರ ಕೊನೆಗೆ ತನ್ನ ಜಿಲ್ಲಾ ಕಚೇರಿಗಳನ್ನೇ ಮುಚ್ಚಿತು. ಆದ್ರೆ ಜಿಲ್ಲೆಗಳ ಹೆಸರು ಅಂಕಿಅಂಶಗಳಲ್ಲಿ, ಕೋರ್ಟುಗಳಲ್ಲಿ ಹಾಗೇ ಉಳೀತು. ಕಚೇರಿ ಹೋದ್ರೂ ಹೆಸರು ಹೋಗಲ್ಲ, ಸೂಪಾದ ಹಾಗೆ.

ಹೆಸರಿನ ವಿಷಯ ಕುತೂಹಲಕ್ಕೆ ಚೆನ್ನಾಗಿದೆ. ಆದ್ರೆ ಗೆರೆಗಳ ನಿಜವಾದ ಬೆಲೆ ಈಗ ಹೇಳ್ತೀನಿ.

ಜೊಯಿಡಾದ ಮುಖ್ಯ ಸಮುದಾಯಗಳಲ್ಲಿ ಒಂದು ಕುಣಬಿ. ಕೊಂಕಣಿ ಮಾತಾಡ್ತಾರೆ. ಅವರು ಬೆಳೆಯೋ ಗಡ್ಡೆ-ಗೆಣಸಿನ ತಳಿಗಳನ್ನ ನೋಡೋಕೆ ಅಂತಲೇ ಜೊಯಿಡಾದ ಮೇಳಕ್ಕೆ ದೂರದಿಂದ ಜನ ಹೋಗ್ತಾರೆ. ಇದೇ ಕುಣಬಿಗಳು ಗಡಿಯ ಆಚೆ ಗೋವಾದಲ್ಲೂ ಇದ್ದಾರೆ. 2003ರಲ್ಲಿ ಗೋವಾದ ಗಾವಡಾ, ಕುಣಬಿ, ವೇಳಿಪ ಸಮುದಾಯಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಅದೇ ತಿದ್ದುಪಡಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳೂ ಸೇರಿದ್ರು. ಕರ್ನಾಟಕದ ಕುಣಬಿಗಳು ಸೇರಲಿಲ್ಲ. ಘಟ್ಟದ ಆಚೆ ಇರೋ ನೆಂಟರು ಎಸ್‌ಟಿ, ಈಚೆ ಇರೋರು ಅಲ್ಲ. ದಶಕಗಳಿಂದ ಅವರು ಕೇಳ್ತಾನೇ ಇದ್ದಾರೆ.

ಇದರಿಂದ ಏನು ವ್ಯತ್ಯಾಸ? 2006ರ ಅರಣ್ಯ ಹಕ್ಕು ಕಾಯ್ದೆ ನೋಡಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಅರಣ್ಯ ಜಮೀನು ತಮ್ಮ ಸ್ವಾಧೀನದಲ್ಲಿತ್ತು ಅಂತ ತೋರಿಸಿದ್ರೆ ಸಾಕು. ಉಳಿದ ಅರಣ್ಯವಾಸಿಗಳು ಅದಕ್ಕೂ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷದಿಂದ ಅಲ್ಲಿ ವಾಸ ಇದ್ದದ್ದನ್ನ ತೋರಿಸಬೇಕು. ಲೆಕ್ಕ ಹಾಕಿ: 1930. ಆಗ ಕರ್ನಾಟಕ ರಾಜ್ಯ ಇರಲಿಲ್ಲ, ಇದು ಬಾಂಬೆ ಪ್ರೆಸಿಡೆನ್ಸಿ. ಕುಮ್ರಿ ಮಾಡಿದವನ ಹೆಸರಲ್ಲಿ ಪಹಣಿ ಇರೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಇಲಾಖೆಯ ನಕ್ಷೆ ಪ್ರಕಾರ ಅದು ಕಾಡು. ಕಾಗದ ಕೊಡದ ಸರ್ಕಾರವೇ ಈಗ ಕಾಗದ ಎಲ್ಲಿ ಅಂತ ಕೇಳಿದ ಹಾಗಾಯ್ತು. ಕಾಯ್ದೆಯ ನಿಯಮಗಳಲ್ಲಿ ಹಿರಿಯರ ಹೇಳಿಕೆ, ಹಳೇ ಮನೆಯ ಅಡಿಪಾಯ, ಬಾವಿ, ಸಮಾಧಿ ಇವೆಲ್ಲ ಸಾಕ್ಷಿ ಆಗಬಹುದು ಅಂತ ಇದೆ, ಗ್ರಾಮಸಭೆ ಅದನ್ನ ಪರಿಶೀಲಿಸಬೇಕು. ಹಾಗಾಗಿ ಒಂದು ಊರಿನ ಅಜ್ಜಿಯ ನೆನಪು ಇಲ್ಲಿ ಬರೀ ಕಥೆ ಅಲ್ಲ, ದಾಖಲೆ.

ಇದರ ಮೇಲೆ ಹುಲಿ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿ ಅಂತ ಹೊಸ ಹೆಸರು. ಒಳಗಿನ ಹಳ್ಳಿಯವರು ಸ್ವಇಚ್ಛೆಯಿಂದ ಹೊರಗೆ ಬಂದ್ರೆ ಪರಿಹಾರ ಇದೆ. ಒಂದು ಕುಟುಂಬಕ್ಕೆ 10 ಲಕ್ಷ ಇದ್ದದ್ದು 2021ರಲ್ಲಿ 15 ಲಕ್ಷ ಆಯ್ತು. ಶಾಲೆ ದೂರ, ಆಸ್ಪತ್ರೆ ದೂರ, ಮಳೆಗಾಲದಲ್ಲಿ ರಸ್ತೆ ಕಷ್ಟ ಅನ್ನೋ ಮನೆಯವರು ಅದನ್ನ ಒಪ್ಪಿದ್ರೆ ತಪ್ಪು ಅನ್ನೋಕಾಗಲ್ಲ. ನನ್ನ ಮಟ್ಟಿಗೆ ಪ್ರಶ್ನೆ ಇದು: ಕಾಡಿನ ಹಕ್ಕು ಮೊದಲು ಬರೆದುಕೊಟ್ಟು, ಆಮೇಲೆ ಹೋಗ್ತೀರಾ ಅಂತ ಕೇಳಿದ್ರೆ ಅದು ಆಯ್ಕೆ. ಹಕ್ಕೇ ಇಲ್ಲದವನಿಗೆ ಹಣ ತೋರಿಸಿದ್ರೆ ಅವನು ಏನು ಚೌಕಾಸಿ ಮಾಡ್ತಾನೆ?

ಹುಲಿ ಬೇಡ, ಕರೆಂಟು ಬೇಡ ಅಂತ ಯಾರೂ ಹೇಳ್ತಿಲ್ಲ. 50 ಸಾವಿರ ಜನ ಒಂದು ವಿಧಾನಸಭಾ ಕ್ಷೇತ್ರಕ್ಕೂ ಸಾಲಲ್ಲ. ಅವರು ಹಳಿಯಾಳ ಕ್ಷೇತ್ರದ ಒಂದು ಭಾಗ. ಹಾಗಾಗಿ ಅವರ ದನಿ ಸಣ್ಣದು, ಅವರಿಂದ ಬರೋ ನೀರು, ಕರೆಂಟು, ಕಾಡಿನ ಗಾಳಿ ಮಾತ್ರ ದೊಡ್ಡದು. ತಲೆ ಎಣಿಸಿ ಆಡಳಿತ ಮಾಡಿದ್ರೆ ಇಂಥ ತಾಲ್ಲೂಕಿಗೆ ಯಾವತ್ತೂ ಕೊನೇ ಸಾಲು.

ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ಹೊಸ ಪಟ್ಟಿ ಬಂದಾಗ ಉತ್ತರ ಕನ್ನಡದ ಪುಟ ತೆಗೆದು ನೋಡಿ. ದಾಂಡೇಲಿ ಹನ್ನೆರಡನೇ ತಾಲ್ಲೂಕಾಗಿದೆ, ಅದೂ ಅಲ್ಲಿ ಕಾಣಿಸಬೇಕು. ಅದರ ಪಕ್ಕದ ಸಾಲಿನಲ್ಲಿ ಸೂಪಾ ಅಂತ ಇರಲಿ, ಜೊಯಿಡಾ ಅಂತ ಇರಲಿ, ಆ ಅಂಕಿ ಒಂದು ನಿಮಿಷ ನಿಂತು ಓದಿ. ಉಳವಿಗೋ ದಾಂಡೇಲಿಗೋ ಹೋಗೋ ಪ್ಲಾನ್ ಇರೋ ಫ್ರೆಂಡ್ಸ್‌ಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.