ಹಿತ್ತಾಳೆಯ ಪಂಪ್ ಸ್ಟವ್

ಪಂಪ್ ಸ್ಟವ್ ಎಂದರೆ ಏನೆಂದು ಈಗಿನ ಹುಡುಗಿಯರಿಗೆ ವಿವರಿಸಿಯೇ ಹೇಳಬೇಕು. ಚಪ್ಪಟೆ ಕುಂಬಳಕಾಯಿಯಂಥ ಹಿತ್ತಾಳೆಯ ಟ್ಯಾಂಕು, ಅದಕ್ಕೆ ಮೂರು ಕಾಲು, ಪಕ್ಕದಲ್ಲೊಂದು ಪಂಪು, ನೆತ್ತಿಯ ಮೇಲೆ ಬರ್ನರು. ಸೀಮೆಎಣ್ಣೆ ಹಾಕಿ, ಗಾಳಿ ಹೊಡೆದು ಹಚ್ಚಿದರೆ ಬುಸ್ಸೆನ್ನುತ್ತ ನೀಲಿ ಉರಿ ಏಳುತ್ತಿತ್ತು. ಆ ಸದ್ದು ನಿಂತ ಮೇಲೆಯೇ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿದ್ದುದು. 1960, 70ರ ದಶಕಗಳಲ್ಲಿ ನಮ್ಮಂಥ ಊರುಗಳ ಎಷ್ಟೋ ಮನೆಗಳ ಬೆಳಗಿನ ಕಾಫಿ ಈ ಸದ್ದಿನೊಂದಿಗೇ ಶುರುವಾಗುತ್ತಿತ್ತು.

ಕಳೆದ ವರ್ಷ ಶಿವಮೊಗ್ಗದ ಹಳೇ ಪಾತ್ರೆ ಅಂಗಡಿಯೊಂದರಲ್ಲಿ, ಒಡೆದ ಕೊಡ, ನೆಗ್ಗಿದ ಹಂಡೆಗಳ ರಾಶಿಯಲ್ಲಿ ಅಂಥದೊಂದು ಕಣ್ಣಿಗೆ ಬಿತ್ತು. ಕಪ್ಪುಗಟ್ಟಿತ್ತು, ಪಂಪಿನ ಹಿಡಿ ಕಚ್ಚಿಕೊಂಡಿತ್ತು. ಅಂಗಡಿಯವರು ಅದನ್ನು ತಕ್ಕಡಿಗೆ ಹಾಕಿ, "ಇದು ಕರಗಿಸೋಕೆ ಹೋಗೋ ಮಾಲು, ನಿಮಗ್ಯಾಕಮ್ಮಾ?" ಎಂದರು. ನನ್ನ ಬಳಿಯೂ ಉತ್ತರವಿರಲಿಲ್ಲ. ಹಿತ್ತಾಳೆಯ ತೂಕಕ್ಕೆ ದುಡ್ಡು ಕೊಟ್ಟು ತಂದೆ. ಹುಣಸೆಹಣ್ಣು ಹಚ್ಚಿ ಮೂರು ದಿನ ತಿಕ್ಕಿದ ಮೇಲೆ ಟ್ಯಾಂಕಿನ ಹೆಗಲ ಮೇಲೆ ಸವೆದ ಅಕ್ಷರಗಳು ಕಂಡವು. 'ಸ್ವೀಡನ್' ಎಂಬುದೊಂದನ್ನು ಮಾತ್ರ ಓದಲಾಯಿತು.

ಈ ಒಲೆಯ ತವರು ಅದೇ. ಸ್ಟಾಕ್‌ಹೋಮಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಮಸಿ ಬಾರದ ಸೀಮೆಎಣ್ಣೆ ಒಲೆ ಮಾಡಿ 'ಪ್ರೈಮಸ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಮೊದಲನೆಯದು ಎಂದರ್ಥ. ಬತ್ತಿಯ ಒಲೆಯಲ್ಲಿ ಎಣ್ಣೆ ಅರೆಬರೆ ಉರಿದು ಪಾತ್ರೆಯ ತಳಕ್ಕೆಲ್ಲ ಮಸಿ ಹಿಡಿಯುತ್ತದೆ. ಇದರಲ್ಲಿ ಬತ್ತಿಯೇ ಇಲ್ಲ. ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರಿ, ಕಾದ ಬರ್ನರಿನ ಕೊಳವೆಯೊಳಗೆ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ಹೊರಗೆ ಚಿಮ್ಮಿ, ಗಾಳಿಯೊಡನೆ ಬೆರೆತು ಉರಿಯುತ್ತದೆ. ಸಿಲಿಂಡರು ಬರುವುದಕ್ಕೆ ಎಷ್ಟೋ ಮೊದಲೇ ಇದು ಅಡುಗೆಮನೆಯಲ್ಲೇ ಗ್ಯಾಸು ಮಾಡಿಕೊಳ್ಳುತ್ತಿತ್ತು ಎನ್ನಿ.

1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ಹಿಮ ಕರಗಿಸಿ ನೀರು ಮಾಡಿಕೊಂಡದ್ದು ಇಂಥ ಒಲೆಯ ಮೇಲೆ. ಆತ ತನ್ನ ಎಣ್ಣೆ ಡಬ್ಬಗಳ ಬಾಯಿಗೆ ಬೆಸುಗೆ ಹಾಕಿಸಿದ್ದ. ಅವನ ಹಿಂದೆಯೇ ಹೋದ ಸ್ಕಾಟ್‌ನ ಡಬ್ಬಗಳಿಗೆ ಚರ್ಮದ ವಾಷರುಗಳಿದ್ದವು. ಚಳಿಗೆ ಅವು ಸಡಿಲಗೊಂಡು ಎಣ್ಣೆ ಸೋರಿಹೋಯಿತು. 1912ರಲ್ಲಿ ಹಿಂತಿರುಗುವ ದಾರಿಯಲ್ಲಿ ಅವನ ತಂಡ ಸತ್ತದ್ದಕ್ಕೆ ಈ ಕೊರತೆಯೂ ಒಂದು ಕಾರಣ. ಬೆಸುಗೆ ಮತ್ತು ವಾಷರು, ಒಲೆಯ ಪ್ರಾಣವಿರುವುದು ಇವೆರಡರಲ್ಲೇ. ಇದು ಧ್ರುವಕ್ಕೆ ಹೋಗದೆಯೂ ನಮ್ಮಮ್ಮನಿಗೆ ಗೊತ್ತಿತ್ತು.

ನಮ್ಮಮ್ಮ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವಳು. ಮನೆಗೆ ಸ್ಟವ್ ಬಂದಾಗ ಅಜ್ಜಿ ಅದರ ಮೇಲಿನ ಅನ್ನ ದೇವರಿಗೆ ಬರುವುದಿಲ್ಲ ಎಂದುಬಿಟ್ಟರು. ಹಾಗಾಗಿ ಮಡಿ ಅಡುಗೆ ಸೌದೆ ಒಲೆಗೆ, ಕಾಫಿ ತಿಂಡಿ ಸ್ಟವ್‌ಗೆ ಎಂದು ರಾಜಿಯಾಯಿತು. ಕಾಫಿಗೆ ಮಾತ್ರ ಅಜ್ಜಿಯ ತಕರಾರಿರಲಿಲ್ಲ! ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಒಲೆ ಹೊತ್ತಿಸುವ ಸಂಕಟ ತಪ್ಪಿತು ಎಂಬುದೇ ಅಮ್ಮನಿಗೆ ದೊಡ್ಡ ನೆಮ್ಮದಿ. ಆ ನೆಮ್ಮದಿಯ ಬೆಲೆ ಎಷ್ಟೆಂದು ಯಾವ ಚರಿತ್ರೆಕಾರರೂ ಲೆಕ್ಕ ಹಾಕಿಲ್ಲ.

ರಿಪೇರಿಗೆ ಊರೆಲ್ಲ ಹುಡುಕಬೇಕಾಯಿತು. "ಸ್ಟವ್ ರಿಪೇರೀ" ಎಂದು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದವರು ಈಗೆಲ್ಲಿ? ಕೊನೆಗೆ ಒಬ್ಬ ವಯಸ್ಸಾದ ಸಾಹೇಬರು ಸಿಕ್ಕರು. ಈಗ ಕುಕ್ಕರು, ಮಿಕ್ಸಿ ಸರಿಮಾಡುತ್ತಾರೆ. ಸ್ಟವ್ ನೋಡಿದ್ದೇ ಅವರ ಮುಖ ಅರಳಿತು. ಪಂಪಿನ ಕಡ್ಡಿ ಎಳೆದರೆ ತುದಿಯ ಚರ್ಮದ ವಾಷರು ಹಪ್ಪಳದಂತೆ ಪುಡಿಯಾಯಿತು. ಚಪ್ಪಲಿ ಹೊಲಿಯುವವರ ಹತ್ತಿರ ಹೊಸ ಚರ್ಮ ಕತ್ತರಿಸಿ ತಂದು ರಾತ್ರಿಯಿಡೀ ಹರಳೆಣ್ಣೆಯಲ್ಲಿ ನೆನೆಹಾಕಿದೆ. ಬರ್ನರನ್ನು ಅವರು ಕೆಂಪಗೆ ಕಾಯಿಸಿ ಬಡಿದಾಗ ಒಳಗೆ ಕಟ್ಟಿದ್ದ ಮಸಿ ಉದುರಿತು. ಆಮೇಲೆ ಗಾಳಿ ತುಂಬಿದ ಟ್ಯಾಂಕನ್ನು ಸೈಕಲ್ ಟ್ಯೂಬಿನಂತೆ ಬಕೆಟ್ ನೀರಿನಲ್ಲಿ ಮುಳುಗಿಸಿದರು. ಪಂಪು ಟ್ಯಾಂಕಿಗೆ ಸೇರುವ ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು.

"ನೋಡಿ ಅಮ್ಮಾ, ಇದೇ ಜಾಗ," ಎಂದರು. "ಸ್ಟವ್ ಬಾಂಬಿನ ಥರ ಸಿಡಿಯೋದು ಅಪರೂಪ. ಬೆಸುಗೆ ಬಿಡತ್ತೆ, ಎಣ್ಣೆ ಚಿಮ್ಮತ್ತೆ, ಬೆಂಕಿ ಹಿಡಿಯತ್ತೆ. ಏನೇ ಆದ್ರೂ ಸ್ಟವ್ ಮೇಲೆ ಗುರುತು ಉಳಿಯತ್ತೆ."

ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 1970, 80ರ ದಶಕಗಳಲ್ಲಿ ಪತ್ರಿಕೆ ಓದಿದ ಯಾವ ಹೆಣ್ಣು 'ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬ ಸಾಲನ್ನು ಮರೆತಾಳು? ನಾಲ್ಕೇ ಸಾಲಿನ ಸುದ್ದಿ. ವಯಸ್ಸು ಇಪ್ಪತ್ತರ ಆಸುಪಾಸು, ಮದುವೆಯಾಗಿ ಒಂದೋ ಎರಡೋ ವರ್ಷ. ನಮ್ಮ ಹಿಂದಿನ ಬೀದಿಯಲ್ಲೂ 1981ರಲ್ಲಿ ಹಾಗೊಬ್ಬಳು ಸೊಸೆ ಹೋದಳು. ಆ ಮನೆಗೆ ಅದೇ ವರ್ಷ ಗ್ಯಾಸ್ ಬಂದಿತ್ತು. ಸಿಡಿಯಿತೆಂದ ಸ್ಟವ್ ಎಷ್ಟೋ ದಿನ ಹಿತ್ತಿಲ ಕಟ್ಟೆಯ ಮೇಲೆ ಕೂತಿತ್ತು, ಮೂರು ಕಾಲೂ ನೆಟ್ಟಗೆ, ಟ್ಯಾಂಕು ನೆಗ್ಗದೆ. ಬೀದಿಯ ಹೆಂಗಸರೆಲ್ಲ ಬಾವಿಗೆ ಹೋಗುವಾಗ ನೋಡಿದೆವು. ಯಾರೂ ಬಂದು ಅದನ್ನು ಎತ್ತಿ ನೋಡಲಿಲ್ಲ.

ನಿಜವಾದ ಅಪಘಾತಗಳೇ ಇರಲಿಲ್ಲ ಎನ್ನಲಾರೆ. ಬರ್ನರು ಸಾಕಷ್ಟು ಕಾಯುವ ಮೊದಲೇ ಪಂಪು ಹೊಡೆದರೆ ಆವಿಯ ಬದಲು ಎಣ್ಣೆಯೇ ಚಿಮ್ಮಿ ಹಳದಿ ಜ್ವಾಲೆ ಆಳೆತ್ತರ ಏಳುತ್ತಿತ್ತು. ಸೀಮೆಎಣ್ಣೆಗೆ ಪೆಟ್ರೋಲ್ ಬೆರೆತಿದ್ದರೆ ಇನ್ನೂ ಅಪಾಯ. ಒಲೆ ನೆಲದ ಮೇಲೆ, ನಾವು ಕುಕ್ಕರಗಾಲಿನಲ್ಲಿ, ಮೈಮೇಲೆ ಆಗಷ್ಟೇ ಬಂದಿದ್ದ ನೈಲೆಕ್ಸ್ ಸೀರೆ. ಅದು ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತಿತ್ತು. ಆದರೆ ಸ್ಟವ್‌ಗೆ ಸೊಸೆಯಾರು ಅತ್ತೆಯಾರು ಎಂದು ಗೊತ್ತಾಗುವುದು ಹೇಗೆ? ಸುದ್ದಿಯಲ್ಲಿ ಸಾಯುತ್ತಿದ್ದವರು ಹೆಚ್ಚಾಗಿ ಹೊಸ ಸೊಸೆಯರೇ.

ದೆಹಲಿಯ ಸತ್ಯರಾಣಿ ಚಡ್ಡಾ ಅವರ ಗರ್ಭಿಣಿ ಮಗಳು ಸುಟ್ಟು ಸತ್ತದ್ದು 1979ರಲ್ಲಿ. ಆ ತಾಯಿ ಕೋರ್ಟಿಗೂ ಬೀದಿಗೂ ಇಳಿದು, ತನ್ನಂತೆಯೇ ಮಗಳನ್ನು ಕಳೆದುಕೊಂಡಿದ್ದ ಶಹಜಹಾನ್ ಆಪಾ ಜೊತೆಗೂಡಿ 1987ರಲ್ಲಿ 'ಶಕ್ತಿ ಶಾಲಿನಿ' ಕಟ್ಟಿದರು. ಇಂಥವರ ಕೂಗಿನಿಂದಲೇ ಕಾನೂನು ಅಲುಗಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕಾಗದದಲ್ಲೇ ಉಳಿದಿತ್ತು. 1983ರಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ 498-ಎ ಕಲಂ ಬಂತು. 1986ರಲ್ಲಿ 304-ಬಿ ಬಂದು 'ವರದಕ್ಷಿಣೆ ಸಾವು' ಎಂಬ ಹೆಸರೇ ಸಿಕ್ಕಿತು. ಮದುವೆಯಾದ 7 ವರ್ಷದೊಳಗೆ ಸುಟ್ಟೋ ಅಸಹಜವಾಗಿಯೋ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಯ ಹಿಂಸೆ ಇತ್ತೆಂದು ಕಂಡುಬಂದರೆ, ಗಂಡನ ಮನೆಯವರೇ ಉತ್ತರ ಹೇಳಬೇಕು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಇದು 80ನೇ ಕಲಮಾಗಿದೆ. ಬೆಂಗಳೂರಿನ 'ವಿಮೋಚನಾ'ದ ಹೆಣ್ಣುಮಕ್ಕಳು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕೂತು ಕೇಳಿಸಿಕೊಂಡರು. ಪೊಲೀಸರ ಕಾಗದಗಳಲ್ಲಿ 'ಸ್ಟವ್ ಸಿಡಿತ', 'ಅಡುಗೆಮನೆ ಅಪಘಾತ' ಎಂದು ಮುಚ್ಚಿಹೋದವುಗಳನ್ನು ಮತ್ತೆ ತೆರೆದು ಪ್ರಶ್ನೆ ಹಾಕಿದರು. ಹಿತ್ತಿಲ ಕಟ್ಟೆಯ ಸ್ಟವ್ ನೋಡಿಯೂ ನಾವು ಕೇಳದೆ ಉಳಿದಿದ್ದ ಪ್ರಶ್ನೆಗಳು ಅವು.

ಗ್ಯಾಸ್ ಬಂದದ್ದು ನಿಧಾನವಾಗಿ. 1955ರಲ್ಲಿ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ ಶುರುಮಾಡಿತು, 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಬಂತು. ನಮ್ಮಂಥ ಊರಿನವರು ಹೆಸರು ಬರೆಸಿ ವರ್ಷಗಟ್ಟಲೆ ಕಾದೆವು. ಸಂಸತ್ ಸದಸ್ಯರ ಕೂಪನ್‌ಗಾಗಿ ಓಡಾಡಿದವರೂ ಉಂಟು. 2016ರಲ್ಲಿ ಉಜ್ವಲ ಯೋಜನೆ ಬಂದು ಬಡವರ ಮನೆಗೂ ಸಿಲಿಂಡರು ಹೋಯಿತು. ರೇಷನ್ನಿನ ನೀಲಿ ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲು ನಿಂತದ್ದೆಲ್ಲ ಈಗ ಕತೆ. ನನ್ನ ಸ್ಟವ್‌ಗೆ ಒಂದು ಲೀಟರು ಹೊಂದಿಸಲು ನಾನು ಪಟ್ಟ ಪಾಡು ಕೇಳಬೇಡಿ.

ಸಾಹೇಬರು ತವರದ ಬೆಸುಗೆ ಹಾಕಿ ಮತ್ತೆ ನೀರಿನಲ್ಲಿಟ್ಟು, ಒಂದು ಗುಳ್ಳೆಯೂ ಏಳಲಿಲ್ಲವೆಂದು ಖಾತ್ರಿಮಾಡಿಯೇ ಕೊಟ್ಟರು. ಹಿತ್ತಿಲಲ್ಲಿ ಇಟ್ಟು, ಬರ್ನರಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಕಾಯಿಸಿ, ಪಂಪು ಹೊಡೆದೆ. ಬುಸ್ಸೆಂದು ಹೊತ್ತಿತು. ತಮ್ಮನ ಸೊಸೆ ದೂರದಲ್ಲೇ ನಿಂತು, "ಅತ್ತೇ, ಇದು ಸಿಡಿಯಲ್ವಾ?" ಎಂದಳು. ಹತ್ತಿರ ಕರೆದು ಎಣ್ಣೆ ಹಾಕುವ ಬಾಯಿಯ ಪಕ್ಕದ ಚಿಕ್ಕ ಸ್ಕ್ರೂ ತೋರಿಸಿದೆ. ಅದನ್ನು ಸಡಿಲಿಸಿದರೆ ಒಳಗಿನ ಗಾಳಿಯೆಲ್ಲ ಹೊರಟುಹೋಗುತ್ತದೆ. ಕಾಫಿ ಇಳಿಸಿದ ಮೇಲೆ ಅವಳೇ ತಿರುಗಿಸಿದಳು. ಸುಯ್ಯೆಂದು ಗಾಳಿ ಹೋಗಿ, ಉರಿ ಕುಗ್ಗಿ ಆರಿತು. ಕಾಫಿ ಕುಡಿದು, "ಸೀಮೆಎಣ್ಣೆ ವಾಸನೆ ಬರ್ತಿದೆ ಅತ್ತೇ," ಎಂದು ಮುಖ ಕಿವಿಚಿದಳು. ಬರುತ್ತಿತ್ತು. ಆಗಲೂ ಬರುತ್ತಿತ್ತು.