ಮನೆಯ ಚಳಿಗಾಲದ ಸಿದ್ಧತೆ

ಮನೆಯ ಚಳಿಗಾಲದ ಸಿದ್ಧತೆ ಎಂದರೆ ಹಿಮ ಬೀಳುವ ಪ್ರದೇಶಗಳಲ್ಲಿ ಶೀತಕಾಲಕ್ಕೆ ಮುನ್ನ ಮನೆಯ ಕಟ್ಟಡ, ನೀರಿನ ಕೊಳವೆ ಹಾಗೂ ತಾಪನ ಸಾಧನಗಳನ್ನು ಪರೀಕ್ಷಿಸಿ ದುರಸ್ತಿಗೊಳಿಸುವ ಕ್ರಮ. ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ ಮತ್ತು ಉತ್ತರ ಯುರೋಪಿನ ದೇಶಗಳಲ್ಲಿ ಇದು ಶರತ್ಕಾಲದ ವಾಡಿಕೆಯ ಕೆಲಸ. ಶಾಖವನ್ನು ಒಳಗೆ ಉಳಿಸುವುದು, ಕೊಳವೆಯ ನೀರು ಹೆಪ್ಪುಗಟ್ಟದಂತೆ ತಡೆಯುವುದು, ಬೆಂಕಿ ಮತ್ತು ವಿಷಾನಿಲದಿಂದ ನಿವಾಸಿಗಳನ್ನು ರಕ್ಷಿಸುವುದು ಇದರ ಉದ್ದೇಶಗಳು.

ಶಾಖದ ಉಳಿತಾಯ

ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಹೋದಂತೆ, ಕೆಳಗಿನ ಬಿರುಕುಗಳಿಂದ ತಣ್ಣನೆಯ ಗಾಳಿ ಒಳಬರುತ್ತದೆ. ಗಾಳಿ ಬೀಸುವ ದಿನ ಕಿಟಕಿಯ ಚೌಕಟ್ಟಿನ ಬಳಿ ಹಚ್ಚಿದ ಊದುಬತ್ತಿಯನ್ನು ಹಿಡಿದಾಗ ಹೊಗೆ ಅಲುಗಿದರೆ ಅಲ್ಲಿ ಸೋರಿಕೆ ಇದೆ ಎಂದು ತಿಳಿಯಬಹುದು. ಇಂತಹ ಸಂದುಗಳನ್ನು ರಬ್ಬರ್ ಪಟ್ಟಿ ಅಥವಾ ಅಂಟುಲೇಪದಿಂದ ಮುಚ್ಚಿ, ಅಟ್ಟದಲ್ಲಿ ಗಾಜಿನ ನಾರಿನಂತಹ ಶಾಖನಿರೋಧಕವನ್ನು ಹರಡುತ್ತಾರೆ. 1973ರ ತೈಲ ಬಿಕ್ಕಟ್ಟಿನ ನಂತರ, 1976ರಲ್ಲಿ, ಅಮೆರಿಕ ಸರ್ಕಾರವು ಕಡಿಮೆ ಆದಾಯದವರ ಮನೆಗಳಲ್ಲಿ ಈ ಕೆಲಸ ಮಾಡಿಸಲು ನೆರವಿನ ಯೋಜನೆಯೊಂದನ್ನು ರೂಪಿಸಿತು. ದಿನಕ್ಕೆ 8 ಗಂಟೆ ಮನೆಯ ಉಷ್ಣತೆಯನ್ನು 4ರಿಂದ 6 ಡಿಗ್ರಿ ಸೆಲ್ಸಿಯಸ್ ತಗ್ಗಿಸಿದರೆ ವರ್ಷದ ತಾಪನ ವೆಚ್ಚದಲ್ಲಿ ಶೇ. 10ರವರೆಗೆ ಉಳಿತಾಯವಾಗಬಹುದೆಂದು ಅಲ್ಲಿನ ಇಂಧನ ಇಲಾಖೆ ಹೇಳುತ್ತದೆ.

ನೀರಿನ ಕೊಳವೆಗಳು

ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಲುಕಿದ ನೀರಿನ ಒತ್ತಡ ಏರಿ ಕೊಳವೆ ಒಡೆಯುತ್ತದೆ. ತೀವ್ರ ಚಳಿಯ ರಾತ್ರಿಗಳಲ್ಲಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡುವುದು ಈ ಒತ್ತಡವನ್ನು ತಗ್ಗಿಸಲು. ಮನೆಯವರು ಊರಿಗೆ ಹೋದಾಗಲೂ ಒಳಗಿನ ಉಷ್ಣತೆಯನ್ನು 13 ಡಿಗ್ರಿಗಿಂತ ಕೆಳಗಿಳಿಸಬಾರದು. ಹೆಪ್ಪುಗಟ್ಟಿದ ಕೊಳವೆಗೆ ಬೆಂಕಿಯ ಜ್ವಾಲೆ ಹಿಡಿಯುವುದು ಅಪಾಯಕರ.

ಬೆಂಕಿ ಮತ್ತು ವಿಷಾನಿಲ

ಸೌದೆಯ ಹೊಗೆಯಿಂದ ಹೊಗೆಗೂಡಿನ ಒಳಗೋಡೆಯಲ್ಲಿ ಸಂಗ್ರಹವಾಗುವ ಕ್ರಿಯೋಸೋಟ್ ಎಂಬ ಜಿಡ್ಡು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹೊಗೆಗೂಡನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಹೀಟರ್‌ಗಳನ್ನು ಪರದೆ, ಹಾಸಿಗೆಗಳಿಂದ ಸುಮಾರು ಒಂದು ಮೀಟರ್ ದೂರದಲ್ಲಿಡಬೇಕು.

ಇಂಧನ ಪೂರ್ಣವಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ನೊಡನೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಲಕ್ಷಣಗಳು. ಮನೆಯವರಿಗೆಲ್ಲ ಒಟ್ಟಿಗೆ ಹೀಗಾಗಿ, ಹೊರಗೆ ಹೋದಾಗ ಕಡಿಮೆಯಾದರೆ ಅನಿಲವನ್ನು ಶಂಕಿಸಬೇಕು. ಚಳಿಗೆಂದು ಭದ್ರವಾಗಿ ಮುಚ್ಚಿದ ಮನೆಯಲ್ಲಿ ಈ ಅಪಾಯ ಹೆಚ್ಚು.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಹಿಮಗಾಳಿಯಿಂದ 40 ಲಕ್ಷಕ್ಕೂ ಹೆಚ್ಚು ಮನೆ, ಮಳಿಗೆಗಳ ವಿದ್ಯುತ್ ಕಡಿತವಾಯಿತು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಂತೆ 246 ಮಂದಿ ಮೃತಪಟ್ಟರು. ಬಹುಪಾಲು ಸಾವುಗಳಿಗೆ ಶೀತವೇ ಕಾರಣವಾದರೂ, ಬೆಚ್ಚಗಿರಲು ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿದ, ಒಳಗೆ ಇದ್ದಿಲು ಉರಿಸಿದ ಕೆಲವರು ಈ ಅನಿಲಕ್ಕೆ ಬಲಿಯಾದರು. ಜನರೇಟರನ್ನು ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಬಯಲಿನಲ್ಲಿಡಬೇಕು. ಪ್ರತಿ ಅಂತಸ್ತಿನಲ್ಲೂ, ಮಲಗುವ ಕೋಣೆಗಳ ಬಳಿಯೂ ಅನಿಲ ಸೂಚಕ ಅಲಾರಂ ಇರಬೇಕು. ಅದು ಕೂಗಿದರೆ ಎಲ್ಲರೂ ಮೊದಲು ಮನೆಯಿಂದ ಹೊರಬರಬೇಕು.

ಭಾರತದಲ್ಲಿ

ಕಾಶ್ಮೀರದಲ್ಲಿ ಬುಖಾರಿ ಎಂಬ ಕಬ್ಬಿಣದ ಒಲೆಯೂ, ಕೆಂಡ ತುಂಬಿದ ಮಣ್ಣಿನ ಕುಡಿಕೆಗೆ ಬುಟ್ಟಿ ಹೆಣೆದ ಕಾಂಗ್ರಿಯೂ ಬಳಕೆಯಲ್ಲಿವೆ. ಕರ್ನಾಟಕದಲ್ಲಿ ಹಿಮ ಬೀಳದಿದ್ದರೂ, ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಇದೇ ಅನಿಲ ತುಂಬಿ ಸಾವುಗಳು ಸಂಭವಿಸಿವೆ. ಗೀಸರನ್ನು ಬಚ್ಚಲುಮನೆಯ ಹೊರಗೆ ಅಳವಡಿಸುವುದು ಸುರಕ್ಷಿತ.