ಗುಡ್ಡ ಜರಿದ ಜಾಗಕ್ಕೆ ಹಸಿರು ತರುವ ಮಣ್ಣಿನ ಸೂಕ್ಷ್ಮಜೀವಿಗಳು

ಗೋವಾ-ಕರ್ನಾಟಕ ಗಡಿಯ ಜನರಿಗೆ ಗುಡ್ಡ ಕುಸಿತ ಹೊಸದಲ್ಲ. 2009ರಲ್ಲಿ ಕಾರವಾರದ ಕಡವಾಡ, 2024ರಲ್ಲಿ ಅಂಕೋಲಾದ ಶಿರೂರು ಜೀವಗಳನ್ನು ಬಲಿ ಪಡೆದವು. 2021ರ ಜುಲೈ 23ರಂದು ಗೋವಾದ ದೂಧಸಾಗರ ಬಳಿ ಗುಡ್ಡ ಜರಿದು ಮಂಗಳೂರು-ಮುಂಬಯಿ ರೈಲು ಹಳಿ ತಪ್ಪಿತು. ಹೀಗೆ ಬೋಳಾದ ಇಳಿಜಾರಿನಲ್ಲಿ ಗಿಡ ಬೇರೂರಲು ಬೀಜ ಮತ್ತು ಮಳೆ ಮಾತ್ರ ಸಾಲದು. ಮಣ್ಣಿನೊಳಗೆ ಜೀವ ಮರಳಬೇಕು.

ಏನು ಕಳೆದುಹೋಗುತ್ತದೆ?
ಗುಡ್ಡ ಜರಿದಾಗ ಮೊದಲು ಹೋಗುವುದು ಮೇಲ್ಮಣ್ಣು. ಎಲೆಗೊಬ್ಬರ, ಸಾರಜನಕ, ಸೂಕ್ಷ್ಮಜೀವಿಗಳು ಇರುವುದು ಅದರಲ್ಲೇ. ಉಳಿಯುವುದು ಚಿರೆಕಲ್ಲಿನ ಕೆಂಪು ಮಣ್ಣು. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅದು ಬೇರಿಗೆ ಸುಲಭವಾಗಿ ಸಿಗುವುದಿಲ್ಲ.

ಯಾರು ಯಾವ ಕೆಲಸ ಮಾಡುತ್ತಾರೆ?
* ಮೈಕೊರೈಜಾ: ಬೇರಿನೊಳಗೆ ವಾಸಿಸುವ ಶಿಲೀಂಧ್ರ. ಕೂದಲಿಗಿಂತ ತೆಳುವಾದ ಇದರ ಎಳೆಗಳು ಬೇರು ತಲುಪದ ಕಡೆಯಿಂದ ರಂಜಕ ತಂದುಕೊಡುತ್ತವೆ. ಗಿಡ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಇವೇ ಎಳೆಗಳು ಮಣ್ಣಿನ ಕಣಗಳನ್ನು ಕಟ್ಟಿ ಹಿಡಿಯುತ್ತವೆ. ಸುಮಾರು 40 ಕೋಟಿ ವರ್ಷ ಹಳೆಯ ಸಸ್ಯಗಳ ಪಳೆಯುಳಿಕೆಯಲ್ಲೂ ಈ ನಂಟು ಕಂಡುಬಂದಿದೆ.
* ರೈಜೋಬಿಯಂ ಬಳಗ: ನಾಚಿಕೆಮುಳ್ಳು, ಹೊಂಗೆ, ಗೊಬ್ಬರದ ಗಿಡದ ಬೇರುಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗಾಳಿಮರಕ್ಕೆ ಇದೇ ಸೇವೆ ಮಾಡುವುದು ಫ್ರಾಂಕಿಯಾ.
* ನೀಲಿಹಸಿರು ಪಾಚಿ: ಬರಿ ನೆಲದ ಮೇಲೆ ತೆಳು ಪದರ ಕಟ್ಟಿ ಮಣ್ಣು ತೊಳೆದುಹೋಗುವುದನ್ನು ಕಡಿಮೆ ಮಾಡುತ್ತದೆ.

ಗೋವಾದ ಗಣಿಗಳು ಹೇಳುವ ಪಾಠ
ಮೇಲ್ಮಣ್ಣು ಇಲ್ಲದ ನೆಲದಲ್ಲಿ ಏನಾಗುತ್ತದೆ ಎಂಬುದಕ್ಕೆ ಗೋವಾದ ಕಬ್ಬಿಣದ ಅದಿರು ಗಣಿಗಳ ತ್ಯಾಜ್ಯದ ಗುಡ್ಡೆಗಳೇ ಸಾಕ್ಷಿ. ಗೋವಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಪ್ರೊ. ಬಿ. ಎಫ್. ರಾಡ್ರಿಗಸ್ ಮತ್ತು ಸಂಗಡಿಗರು ಕೈಬಿಟ್ಟ ಗಣಿ ಜಾಗಗಳಲ್ಲಿ ತಾವಾಗಿಯೇ ಬೆಳೆದ ಗಿಡಗಳ ಬೇರುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಮೈಕೊರೈಜಾ ನೆಲೆಸಿರುವುದನ್ನು ದಾಖಲಿಸಿದ್ದಾರೆ. ಅಷ್ಟು ಬಡ ಮಣ್ಣಿನಲ್ಲೂ ಗಿಡಗಳು ಈ ಜೊತೆಗಾರನನ್ನು ಬಿಟ್ಟಿಲ್ಲ.

ಆದರೆ ಈ ಶಿಲೀಂಧ್ರದ ಬೀಜಕಣಗಳು ಮಣ್ಣಿನೊಳಗೇ ಹುಟ್ಟುವುದರಿಂದ ಅಣಬೆಯ ಪುಡಿಯಂತೆ ಗಾಳಿಯಲ್ಲಿ ಸುಲಭವಾಗಿ ಹರಡುವುದಿಲ್ಲ. ಹರಿಯುವ ನೀರು, ಎರೆಹುಳು, ಇರುವೆ, ಇಲಿಗಳೇ ಅವುಗಳನ್ನು ಹೆಚ್ಚಾಗಿ ಹೊತ್ತೊಯ್ಯಬೇಕು. ಹೀಗಾಗಿ ಜರಿದ ಜಾಗದ ಅಂಚಿನಲ್ಲಿ ಕಾಡು ಉಳಿದಿದ್ದರೆ ಅಲ್ಲಿಂದಲೇ ಜೀವ ಒಳಗೆ ಸಾಗುತ್ತದೆ. ಆ ಅಂಚನ್ನು ಕಡಿಯಬಾರದು.

ನಾವು ಮಾಡಬಹುದಾದದ್ದು
* ಮಳೆಗಾಲ ಮುಗಿದು, ಜಾಗ ಸುರಕ್ಷಿತವೆಂದು ಖಚಿತವಾದ ನಂತರವೇ ಅಲ್ಲಿ ಕೆಲಸ ಮಾಡಿ.
* ರಸ್ತೆಗೆ ಬಿದ್ದ ಮಣ್ಣು ತೆಗೆಯುವಾಗ ಕಪ್ಪು ಮೇಲ್ಮಣ್ಣು ಕಂಡರೆ ಬೇರೆ ಇಡಿಸಿ.
* ಸಸಿ ನೆಡುವ ಗುಂಡಿಗೆ ನಿಮ್ಮದೇ ತೋಟದ ಹಳೆಯ ಮರದಡಿಯ ಮಣ್ಣನ್ನು ಒಂದೆರಡು ಹಿಡಿ ಹಾಕಿ. ಅಂಗಡಿಯಲ್ಲಿ ಸಿಗುವ 'ವ್ಯಾಮ್' ಗೊಬ್ಬರವೂ ಇದೇ ಶಿಲೀಂಧ್ರ.
* ರಂಜಕದ ರಾಸಾಯನಿಕ ಗೊಬ್ಬರ ಅತಿಯಾಗಿ ಹಾಕಬೇಡಿ. ಸುಲಭವಾಗಿ ರಂಜಕ ಸಿಕ್ಕರೆ ಗಿಡ ಶಿಲೀಂಧ್ರವನ್ನು ದೂರವಿಡುತ್ತದೆ.
* ತಾನಾಗಿ ಬಂದ ಹುಲ್ಲು, ಜರಿಗಿಡಗಳನ್ನು ಸುಡಬೇಡಿ.

ಸೂಕ್ಷ್ಮಜೀವಿಗಳು ಗುಡ್ಡ ಕುಸಿತವನ್ನು ತಡೆಯಲಾರವು. ಕಡಿದಾಗಿ ಕತ್ತರಿಸಿದ ಇಳಿಜಾರಿಗೆ, ನೀರು ಹೋಗಲು ದಾರಿಯಿಲ್ಲದ ಗುಡ್ಡಕ್ಕೆ ಬೇರೆಯೇ ಮದ್ದು ಬೇಕು. ಅದಾದ ಮೇಲೆ ಮಣ್ಣನ್ನು ಹಿಡಿದಿಡುವ ಕೆಲಸ ಬೇರಿನದು. ಆ ಬೇರಿಗೆ ಊಟ ತಂದುಕೊಡುವುದು ಈ ಕಣ್ಣಿಗೆ ಕಾಣದ ಜೀವಿಗಳು.